ಗಣಕಜಾಲ ಸಿಮ್ಯುಲೇಷನ್‌ನಲ್ಲಿ ಸಂಚಾರ ನಿಯಮನ ಘಟಕಗಳು: ಒಂದು ಚಾರಿತ್ರಿಕ ವಿವೇಚನೆ

ಗಣಕಜಾಲಗಳ ಚರಿತ್ರೆ ಬಹುಮಟ್ಟಿಗೆ ಯಂತ್ರಗಳ, ತಂತಿಗಳ ಮತ್ತು ಪ್ರೋಟೊಕಾಲ್‌ಗಳ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಆ ಯಂತ್ರಗಳನ್ನು ಕಟ್ಟುವ ಮೊದಲು, ಕೆಲವೊಮ್ಮೆ ಕಟ್ಟುವುದಕ್ಕೆ ಬದಲಾಗಿಯೇ, ಅವುಗಳ ಮಾದರಿಯನ್ನು ಗಣಕದೊಳಗೆ ಓಡಿಸಿ ನೋಡಿದ ಸಿಮ್ಯುಲೇಷನ್‌ನ ಚರಿತ್ರೆಗೆ ಅಷ್ಟು ಗಮನ ಸಂದಿಲ್ಲ. ಜಾಲದ ಹೊಸ್ತಿಲಲ್ಲಿ ನಿಂತು ಒಳಬರುವ ಸಂಚಾರವನ್ನು ಅಳೆದು, ಗುರುತು ಹಾಕಿ, ತಡೆದು ಅಥವಾ ಕೈಬಿಟ್ಟು ಒಳಗೆ ಕಳುಹಿಸುವ ಘಟಕಗಳ ವಿಷಯದಲ್ಲಿ ಈ ಕೊರತೆ ವಿಶೇಷವಾಗಿ ಎದ್ದು ಕಾಣುತ್ತದೆ. ಸಂಚಾರ ನಿಯಮನ ಎಂದು ಇಲ್ಲಿ ಕರೆಯಲಾಗಿರುವ ಈ ಕ್ರಿಯೆಯ ಬಗ್ಗೆ 1990ರ ದಶಕದ ಕೊನೆಯಲ್ಲಿ ದೊಡ್ಡ ಭರವಸೆಯೊಂದು ಹುಟ್ಟಿತು. ಹಣ ತೆತ್ತವನಿಗೆ ಇಂತಿಷ್ಟು ವೇಗವನ್ನು ಖಚಿತವಾಗಿ ಕೊಡಬಹುದು ಎಂಬುದೇ ಆ ಭರವಸೆ. ಅದು ಹುಟ್ಟಿದ್ದಕ್ಕೂ ಸಡಿಲಗೊಂಡಿದ್ದಕ್ಕೂ ಆಧಾರಗಳು ಗಣನೀಯ ಪ್ರಮಾಣದಲ್ಲಿ ಸಿಮ್ಯುಲೇಟರುಗಳಿಂದಲೇ ಬಂದವು. ಆ ಆಧಾರಗಳ ಬೆಲೆ ಎಷ್ಟು, ಅವು ಯಾವುದನ್ನು ತೋರಿಸಿದವು, ಯಾವುದನ್ನು ತೋರಿಸಲಾರದೆ ಹೋದವು ಎಂಬುದು ಇಲ್ಲಿಯ ವಿವೇಚನೆಯ ವಸ್ತು.

1986: ಎರಡು ಘಟನೆಗಳು

ಇಂಟರ್‌ನೆಟ್ಟಿನಲ್ಲಿ ಮಾಹಿತಿ ಪ್ಯಾಕೆಟ್ಟುಗಳೆಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ದಾರಿಯಲ್ಲಿರುವ ರೂಟರ್ ತನ್ನಲ್ಲಿಗೆ ಬಂದ ಪ್ಯಾಕೆಟ್ಟನ್ನು ಸಾಲಿನಲ್ಲಿ ನಿಲ್ಲಿಸಿ ಮುಂದಕ್ಕೆ ಕಳುಹಿಸುತ್ತದೆ. ಸಾಲಿನಲ್ಲಿ ಜಾಗವಿಲ್ಲದಿದ್ದರೆ ಕೈಬಿಡುತ್ತದೆ. ಯಾರ ಪ್ಯಾಕೆಟ್ಟು, ಎಷ್ಟು ತುರ್ತಿನದು ಎಂಬ ವಿಚಾರಣೆ ಮೂಲ ವಿನ್ಯಾಸದಲ್ಲಿ ಇದ್ದರೂ ಬಳಕೆಯಲ್ಲಿ ಇರಲಿಲ್ಲವೆಂದೇ ಹೇಳಬೇಕು. ಇದರ ಅಪಾಯ 1986ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಣ ಅಂತರ ಸುಮಾರು 400 ಗಜ. ಆ ದಾರಿಯಲ್ಲಿ ಸೆಕೆಂಡಿಗೆ 32 ಕಿಲೋಬಿಟ್ ಇದ್ದ ಮಾಹಿತಿಯ ಹರಿವು ಕೇವಲ 40 ಬಿಟ್‌ಗೆ ಕುಸಿಯಿತು. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕುಸಿತವನ್ನು ದಾಖಲಿಸಿ, ದಟ್ಟಣೆಯನ್ನು ಅರಿತು ಕಳುಹಿಸುವವನೇ ವೇಗವನ್ನು ತಗ್ಗಿಸಿಕೊಳ್ಳುವ ವಿಧಾನವನ್ನು ಮುಂದಿಟ್ಟಿತು. ಟಿಸಿಪಿ ಪ್ರೋಟೊಕಾಲಿನಲ್ಲಿ ಅದು ನೆಲೆಗೊಂಡಿತು. ಇಲ್ಲಿ ನಿಯಮನದ ಹೊಣೆ ಸಂಪೂರ್ಣವಾಗಿ ಕಳುಹಿಸುವವನದು. ಜಾಲದ್ದು ಏನೂ ಇಲ್ಲ.

ಕಾಕತಾಳೀಯವೆಂಬಂತೆ, ಅದೇ 1986ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋನಾಥನ್ ಟರ್ನರ್ ಐಇಇಇ ಸಂಸ್ಥೆಯ ಸಂವಹನ ಪತ್ರಿಕೆಯಲ್ಲಿ ತದ್ವಿರುದ್ಧವಾದ ಆಲೋಚನೆಯೊಂದನ್ನು ಮಂಡಿಸಿದರು. ಪ್ರತಿಯೊಂದು ಸಂಪರ್ಕಕ್ಕೂ ಒಂದು ಎಣಿಕೆ. ಪ್ಯಾಕೆಟ್ಟು ಬಂದಾಗಲೆಲ್ಲ ಎಣಿಕೆ ಏರುತ್ತದೆ, ನಿಗದಿತ ಗತಿಯಲ್ಲಿ ತಾನಾಗಿ ಇಳಿಯುತ್ತದೆ, ಮಿತಿ ದಾಟಿದರೆ ಪ್ಯಾಕೆಟ್ಟು ಹೊರಗೆ. ಸೋರುವ ಬಕೆಟ್ಟು ಎಂದೇ ಇದು ಪ್ರಸಿದ್ಧವಾಯಿತು. ಇಲ್ಲಿ ನಿಯಮನದ ಹೊಣೆ ಜಾಲದ್ದು. 53 ಬೈಟುಗಳ ಕೋಶಗಳಲ್ಲಿ ಮಾಹಿತಿಯನ್ನು ಸಾಗಿಸುವ ಎಟಿಎಂ ಜಾಲಗಳು ಈ ತತ್ತ್ವವನ್ನು ತಮ್ಮ ಮಾನಕಗಳಲ್ಲಿ ಅಳವಡಿಸಿಕೊಂಡವು. ಮಿತಿ ಮೀರಿದ ಕೋಶವನ್ನು ಕೂಡಲೇ ಕೈಬಿಡದೆ, ಮುಂದೆ ದಟ್ಟಣೆಯಾದರೆ ಮೊದಲು ಕೈಬಿಡಬಹುದು ಎಂಬ ಒಂದು ಬಿಟ್ಟಿನ ಗುರುತು ಹಾಕಿ ಒಳಗೆ ಬಿಡುವ ಪದ್ಧತಿಯೂ ಅಲ್ಲಿಯೇ ರೂಢವಾಯಿತು. ಕೈಬಿಡುವುದಕ್ಕೂ ಗುರುತು ಹಾಕುವುದಕ್ಕೂ ಇರುವ ಈ ವ್ಯತ್ಯಾಸ ಮುಂದಿನ ಕಥನಕ್ಕೆಲ್ಲ ಮುಖ್ಯವಾದದ್ದು. ಮೊದಲಿನದು ನಿರ್ಬಂಧ; ಎರಡನೆಯದು ಭರವಸೆಯ ಬೀಜ.

ಸಿಮ್ಯುಲೇಟರುಗಳ ಹುಟ್ಟು ಮತ್ತು ಅವುಗಳ ಮೊದಲ ಪಾಠ

ಇಂತಹ ವಿಧಾನಗಳನ್ನು ಓಡುತ್ತಿರುವ ಇಂಟರ್‌ನೆಟ್ಟಿನ ಮೇಲೆ ಪ್ರಯೋಗಿಸಿ ನೋಡುವುದು ಸಾಧ್ಯವಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ನೆಸ್ಟ್ ಎಂಬ ಸಿಮ್ಯುಲೇಟರನ್ನು ಆಧಾರವಾಗಿಟ್ಟುಕೊಂಡು ಶ್ರೀನಿವಾಸನ್ ಕೇಶವ್ ಬರ್ಕ್ಲಿಯಲ್ಲಿ ರಿಯಲ್ ಎಂಬ ಸಿಮ್ಯುಲೇಟರನ್ನು ರೂಪಿಸಿದರು. 1988ರಲ್ಲಿ ಅದರ ತಾಂತ್ರಿಕ ವರದಿ ಹೊರಬಂತು. ಅಲನ್ ಡೆಮರ್ಸ್ ಮತ್ತು ಸ್ಕಾಟ್ ಶೆಂಕರ್ ಅವರೊಡನೆ ಕೇಶವ್ 1989ರಲ್ಲಿ ಪ್ರಕಟಿಸಿದ ನ್ಯಾಯಯುತ ಸಾಲು ನಿರ್ವಹಣೆಯ ಪ್ರಬಂಧದ ಶೀರ್ಷಿಕೆಯಲ್ಲಿಯೇ ‘ವಿಶ್ಲೇಷಣೆ’ ಮತ್ತು ‘ಸಿಮ್ಯುಲೇಷನ್’ ಎಂಬ ಎರಡು ಪದಗಳು ಜೊತೆಯಾಗಿ ಬಂದಿರುವುದು ಗಮನಾರ್ಹ. ರಿಯಲ್‌ನ ಒಂದು ಕವಲಾಗಿ 1989ರಲ್ಲಿ ಆರಂಭವಾದದ್ದೇ ಎನ್‌ಎಸ್. 1995ರಿಂದ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ನೆರವಿನ ವಿಂಟ್ ಯೋಜನೆಯಡಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ, ಜೆರಾಕ್ಸ್ ಪಾರ್ಕ್, ಬರ್ಕ್ಲಿ ವಿಶ್ವವಿದ್ಯಾಲಯ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆ ಕೂಡಿ ಅದನ್ನು ಬೆಳೆಸಿದವು. ಎನ್‌ಎಸ್-2 ಎಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಹರಡಿದ್ದು ಈ ಸಾಧನವೇ.

ಈ ಹಂತದಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸಂಚಾರದ ಲಯದ ಪರಿಣಾಮಗಳನ್ನು ಕುರಿತದ್ದು. ಎರಡು ಮೂಲಗಳು ಒಂದೇ ರೂಟರಿನ ಮೂಲಕ ಒಂದೇ ಅಳತೆಯ ಪ್ಯಾಕೆಟ್ಟುಗಳನ್ನು ಕಳುಹಿಸುತ್ತಿವೆ ಎಂದಿಟ್ಟುಕೊಳ್ಳೋಣ. ಸಿಮ್ಯುಲೇಟರಿನಲ್ಲಿ ಗಡಿಯಾರ ಪರಿಪೂರ್ಣ. ಯಾವುದೇ ಯಂತ್ರ ಒಂದು ಕ್ಷಣವೂ ತಡಮಾಡುವುದಿಲ್ಲ. ಹಾಗಾಗಿ ಸಾಲಿನಲ್ಲಿ ಒಂದು ಜಾಗ ತೆರವಾದಾಗಲೆಲ್ಲ ಮೊದಲನೆಯ ಮೂಲದ ಪ್ಯಾಕೆಟ್ಟು ಬಂದು ಕೂರುತ್ತದೆ, ಎರಡನೆಯದರ ಪ್ಯಾಕೆಟ್ಟು ಪ್ರತಿ ಸಲವೂ ತುಸು ತಡವಾಗಿ ಬಂದು ಬಿದ್ದುಹೋಗುತ್ತದೆ. ದಾರಿಯ ವಿಳಂಬವನ್ನು ಚೂರು ಬದಲಿಸಿದರೆ ನಷ್ಟವೆಲ್ಲ ಇನ್ನೊಬ್ಬನ ಪಾಲಾಗುತ್ತದೆ. ಅಂದರೆ ಸಿಮ್ಯುಲೇಷನ್ ತೋರಿಸಿದ ಅನ್ಯಾಯಕ್ಕೆ ರೂಟರಿನ ನಿಯಮ ಮಾತ್ರವಲ್ಲ, ಮಾದರಿಯ ಅತಿಯಾದ ಅಚ್ಚುಕಟ್ಟುತನವೂ ಕಾರಣ. ಇದನ್ನು ಅರಿತ ಮೇಲೆ ಎನ್‌ಎಸ್‌ನ ಟಿಸಿಪಿ ಮಾದರಿಯಲ್ಲಿ ಪ್ರತಿ ಪ್ಯಾಕೆಟ್ಟಿನ ರವಾನೆಗೆ ಚಿಕ್ಕದೊಂದು ಯಾದೃಚ್ಛಿಕ ತಡವನ್ನು ಸೇರಿಸಲು ಅವಕಾಶ ಕಲ್ಪಿಸಲಾಯಿತು. ಅದರ ಪೂರ್ವನಿಗದಿತ ಮೌಲ್ಯ ಮಾತ್ರ ಸೊನ್ನೆ. ಕೈಪಿಡಿಯನ್ನು ಓದದೆ ಮಾದರಿಯನ್ನು ಓಡಿಸಿದವನಿಗೆ ಆ ರಕ್ಷಣೆ ದೊರೆಯುತ್ತಿರಲಿಲ್ಲ.

1993ರಲ್ಲಿ ಇದೇ ಇಬ್ಬರು ಪ್ರಕಟಿಸಿದ ರೆಡ್ ವಿಧಾನ ಈ ಅರಿವಿಗೆ ಹತ್ತಿರದ್ದು. ಸಾಲು ಪೂರ್ತಿ ತುಂಬುವವರೆಗೆ ಕಾಯದೆ, ಸಾಲಿನ ಸರಾಸರಿ ಉದ್ದ ಒಂದು ಕೆಳಮಿತಿಯನ್ನು ದಾಟಿದೊಡನೆ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ಟನ್ನು ಸಂಭವನೀಯತೆಯ ಲೆಕ್ಕದಲ್ಲಿ ಕೈಬಿಡುತ್ತ ಹೋಗುವುದು ಅದರ ಕ್ರಮ.

ಹೊಸ್ತಿಲಿನ ಘಟಕಗಳು

ಪ್ರತಿಯೊಂದು ಹರಿವಿಗೂ ದಾರಿಯುದ್ದಕ್ಕೂ ಜಾಗ ಕಾಯ್ದಿರಿಸುವ ಸಮಗ್ರ ಸೇವೆಯ ವಿನ್ಯಾಸ 1994ರ ಜೂನಿನಲ್ಲಿ ಆರ್‌ಎಫ್‌ಸಿ 1633 ಎಂಬ ದಾಖಲೆಯಾಗಿ ಹೊರಬಂದಿತ್ತು. ಲಕ್ಷಾಂತರ ಹರಿವುಗಳ ಲೆಕ್ಕವನ್ನು ಜಾಲದ ನಡುವಿನ ರೂಟರುಗಳು ಇಟ್ಟುಕೊಳ್ಳಲಾರವು ಎಂಬ ಆಕ್ಷೇಪ ಅದಕ್ಕೆ ತೊಡಕಾಯಿತು. 1998ರ ಡಿಸೆಂಬರಿನಲ್ಲಿ ಸ್ಟೀವನ್ ಬ್ಲೇಕ್ ಮೊದಲಾದ ಆರು ಮಂದಿ ಬರೆದ ಆರ್‌ಎಫ್‌ಸಿ 2475 ಇದಕ್ಕೆ ಬೇರೆಯದೇ ದಾರಿ ತೋರಿತು. ಕಷ್ಟದ ಕೆಲಸವೆಲ್ಲ ಅಂಚಿನಲ್ಲಿ, ಸುಲಭದ್ದು ಒಡಲಿನಲ್ಲಿ ಎಂಬುದು ಡಿಫ್‌ಸರ್ವ್ ಎಂದು ಹೆಸರಾದ ಈ ವಿನ್ಯಾಸದ ಸೂತ್ರ. ಅಂಚಿನ ರೂಟರಿನಲ್ಲಿ ವಿಂಗಡಿಸುವ ಘಟಕ ಪ್ಯಾಕೆಟ್ಟು ಯಾರದೆಂದು ಗುರುತಿಸುತ್ತದೆ. ಮಾಪಕ ಒಪ್ಪಂದದ ಮಿತಿಯೊಡನೆ ಹೋಲಿಸುತ್ತದೆ. ಗುರುತು ಹಾಕುವ ಘಟಕ ಪ್ಯಾಕೆಟ್ಟಿನ ತಲೆಬರಹದ 6 ಬಿಟ್ಟುಗಳಲ್ಲಿ ವರ್ಗವನ್ನು ಬರೆಯುತ್ತದೆ. ಕೊನೆಯ ಘಟಕ ಹರಿವನ್ನು ತಡೆದು ಹದಗೊಳಿಸುತ್ತದೆ ಇಲ್ಲವೇ ಪ್ಯಾಕೆಟ್ಟನ್ನು ಕೈಬಿಡುತ್ತದೆ. ನಡುವಿನ ರೂಟರು ಗುರುತನ್ನು ಓದಿದರೆ ಸಾಕು.

ಇಲ್ಲಿಯ ಮಾಪಕವೇ ಟೋಕನ್ ಬಕೆಟ್. ಬಕೆಟ್ಟಿಗೆ ನಿಗದಿತ ವೇಗದಲ್ಲಿ ಟೋಕನ್‌ಗಳು ಬೀಳುತ್ತವೆ. ಪ್ಯಾಕೆಟ್ಟು ತನ್ನ ಅಳತೆಯಷ್ಟು ಟೋಕನ್‌ಗಳನ್ನು ಖರ್ಚುಮಾಡಿ ‘ಒಪ್ಪಂದದೊಳಗಿನ’ ಗುರುತು ಪಡೆಯುತ್ತದೆ. ಬಕೆಟ್ಟು ತುಂಬಿದ ಮೇಲೆ ಬೀಳುವ ಟೋಕನ್ ಚೆಲ್ಲಿಹೋಗುತ್ತದೆ. 1999ರ ಸೆಪ್ಟೆಂಬರಿನ ಆರ್‌ಎಫ್‌ಸಿ 2697 ಮತ್ತು 2698 ಇದನ್ನೇ ವಿಸ್ತರಿಸಿ ಹಸಿರು, ಹಳದಿ, ಕೆಂಪು ಎಂಬ ಮೂರು ಬಣ್ಣಗಳ ಗುರುತನ್ನು ತಂದವು.

ಈ ಘಟಕಗಳ ಸಿಮ್ಯುಲೇಷನ್ ಮಾನಕಕ್ಕಿಂತ ಮೊದಲೇ ಆರಂಭವಾಗಿತ್ತು. ಡೇವಿಡ್ ಕ್ಲಾರ್ಕ್ ಮತ್ತು ವೆಂಜಿಯಾ ಫಾಂಗ್ 1998ರ ಆಗಸ್ಟಿನಲ್ಲಿ ಪ್ರಕಟಿಸಿದ ಪ್ರಬಂಧ ಒಪ್ಪಂದದ ಒಳಗಿನ ಮತ್ತು ಹೊರಗಿನ ಪ್ಯಾಕೆಟ್ಟುಗಳಿಗೆ ಬೇರೆ ಬೇರೆ ರೆಡ್ ಮಿತಿಗಳನ್ನು ಬಳಸುವ ರಿಯೋ ವಿಧಾನವನ್ನು ಸಿಮ್ಯುಲೇಷನ್ನಿನ ಮೂಲಕವೇ ಸಮರ್ಥಿಸಿತ್ತು. ಅವರ ಮಾಪಕ ಬಕೆಟ್ಟಾಗಿರಲಿಲ್ಲ. ಜಾರುವ ಕಾಲಾವಧಿಯೊಂದರಲ್ಲಿ ಹರಿವಿನ ಸರಾಸರಿ ವೇಗವನ್ನು ಅಂದಾಜಿಸಿ, ಮಿತಿ ಮೀರಿದಾಗ ಸಂಭವನೀಯತೆಯ ಲೆಕ್ಕದಲ್ಲಿ ಗುರುತು ಹಾಕುವಂಥದ್ದು. ಟಿಸಿಪಿಯ ಏರಿಳಿತವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಮಾಪಕವದು.

ಸಾಮಾನ್ಯ ಸಂಶೋಧಕನ ಕೈಗೆ ಈ ಘಟಕಗಳನ್ನೆಲ್ಲ ಒಟ್ಟಿಗೆ ತಂದುಕೊಟ್ಟದ್ದು ಕೆನಡಾದ ನಾರ್ಟೆಲ್ ಕಂಪನಿಯ ಸಂಶೋಧಕರ ತಂಡ. 2000ದ ಜುಲೈನಲ್ಲಿ ವಿವರಣೆಯೊಂದಿಗೆ ಬಿಡುಗಡೆಯಾದ ಅವರ ಡಿಫ್‌ಸರ್ವ್ ಘಟಕ ಎನ್‌ಎಸ್-2ರ ಅಂಗವಾಯಿತು. ಅದರಲ್ಲಿ ಅಂಚಿನ ರೂಟರು ಮತ್ತು ಒಡಲಿನ ರೂಟರು ಎಂಬ ಎರಡು ಬಗೆ. ನಾಲ್ಕು ಭೌತಿಕ ಸಾಲುಗಳು, ಪ್ರತಿಯೊಂದರಲ್ಲೂ ಮೂರು ಕಾಲ್ಪನಿಕ ಸಾಲುಗಳು. ಖಾತರಿಯ ರವಾನೆಗೆಂದು ಮಾನಕದಲ್ಲಿ ಹೇಳಿದ ನಾಲ್ಕು ವರ್ಗ ಮತ್ತು ಮೂರು ಮಟ್ಟಗಳಿಗೆ ಇದು ಸರಿಹೊಂದುವ ರಚನೆ. ಟೋಕನ್ ಬಕೆಟ್, ಎರಡು ಮತ್ತು ಮೂರು ಬಣ್ಣಗಳ ಕಾಲಾವಧಿ ಮಾಪಕಗಳು, ಏಕವೇಗದ ಹಾಗೂ ದ್ವಿವೇಗದ ತ್ರಿವರ್ಣ ಮಾಪಕಗಳು ಸಿದ್ಧವಾಗಿ ದೊರೆತವು. ಸರಿಸುಮಾರು ಅದೇ ಕಾಲದಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ವಿಶ್ವವಿದ್ಯಾಲಯದಲ್ಲಿ ಕ್ಲೌಸ್ ವೇರ್ಲೆ ಮತ್ತು ಸಂಗಡಿಗರು, ಬುಡಾಪೆಸ್ಟಿನ ಆಂಡ್ರಾಶ್ ವರ್ಗ ರೂಪಿಸಿದ ಓಮ್ನೆಟ್++ ಸಿಮ್ಯುಲೇಟರಿನ ಮೇಲೆ ಇಂಟರ್‌ನೆಟ್ ಮಾದರಿಗಳ ಸಂಗ್ರಹವೊಂದನ್ನು ಕಟ್ಟುತ್ತಿದ್ದರು. ಗುಣಮಟ್ಟದ ಸೇವೆಯನ್ನು ಚಿಕ್ಕ ಚಿಕ್ಕ ಮೂಲಘಟಕಗಳ ಜೋಡಣೆಯಾಗಿ ನೋಡುವ ದೃಷ್ಟಿ ಅವರದು. ಆ ಸಂಗ್ರಹ ಮುಂದೆ ಇನೆಟ್ ಎಂಬ ಹೆಸರಿನಲ್ಲಿ ಬೆಳೆಯಿತು. ಬಳಕೆದಾರ ಮಾಪಕ, ಗುರುತು, ಕೈಬಿಡುವಿಕೆಗಳನ್ನು ಬೇಕಾದಂತೆ ತಂತಿ ಕೂಡಿಸಿ ನೋಡುವ ಅನುಕೂಲ ಅಲ್ಲಿದೆ. ಮಾನಕದ ಚಿತ್ರಕ್ಕೆ ಎರಡರಲ್ಲಿ ಇನೆಟ್‌ನ ರಚನೆಯೇ ಹೆಚ್ಚು ನಿಷ್ಠ ಎನ್ನಬೇಕು.

ಏಕೆಂದರೆ ನಾರ್ಟೆಲ್ ಘಟಕ ಕೆಲವು ಸರಳೀಕರಣಗಳನ್ನು ಒಪ್ಪಿಕೊಂಡಿತ್ತು. ಒಪ್ಪಂದವನ್ನು ಬರೆಯುತ್ತಿದ್ದುದು ಒಂದು ಮೂಲ ಮತ್ತು ಒಂದು ಗಮ್ಯದ ಜೋಡಿಗೆ. ಆ ಜೋಡಿಯ ನಡುವಣ ಹರಿವುಗಳೆಲ್ಲ ಒಟ್ಟಿಗೆ ಒಂದೇ ಲೆಕ್ಕಕ್ಕೆ ಸೇರುತ್ತಿದ್ದವು. ಮಿತಿ ಮೀರಿದಾಗ ಘಟಕ ಗುರುತನ್ನು ಕೆಳದರ್ಜೆಗೆ ಇಳಿಸುತ್ತಿತ್ತು. ಪ್ಯಾಕೆಟ್ಟನ್ನು ತಡೆದು ಹದಗೊಳಿಸುವ ಕೆಲಸ ಅದರದಲ್ಲ. ಇನ್ನೊಂದು ಸಂಗತಿ ಎನ್‌ಎಸ್-2ರದೇ: ವಿಳಂಬವೆಲ್ಲ ತಂತಿಯದು ಮತ್ತು ಸಾಲಿನದು, ರೂಟರು ವಿಂಗಡಿಸಲು ತಗಲುವ ಕಾಲಕ್ಕೆ ಸಾಮಾನ್ಯವಾಗಿ ಲೆಕ್ಕವೇ ಇಲ್ಲ.

ಭರವಸೆ ಸಡಿಲಗೊಂಡ ಬಗೆ

ಒಪ್ಪಂದದ ವೇಗ ಸೆಕೆಂಡಿಗೆ 1 ಮೆಗಾಬಿಟ್, ಬಕೆಟ್ಟಿನ ಅಳತೆ 10,000 ಬೈಟ್, ಪ್ಯಾಕೆಟ್ಟು 1,000 ಬೈಟ್ ಎಂದುಕೊಂಡರೆ ಖಾಲಿ ಬಕೆಟ್ಟು ತುಂಬಲು 80 ಮಿಲಿಸೆಕೆಂಡು ಬೇಕು. ದೂರದ ಊರಿನ ಒಂದು ಟಿಸಿಪಿ ಸಂಪರ್ಕ, ಹೋಗಿಬರುವ ಅವಧಿ 200 ಮಿಲಿಸೆಕೆಂಡು, ಪ್ರತಿ ಸುತ್ತಿಗೆ 25 ಪ್ಯಾಕೆಟ್ಟುಗಳನ್ನು 10 ಮೆಗಾಬಿಟ್ ತಂತಿಯಲ್ಲಿ ಒಂದೇ ಉಸಿರಿಗೆ ಕಳುಹಿಸಿ ಉತ್ತರಕ್ಕೆ ಕಾಯುತ್ತದೆ. ಅದರ ಸರಾಸರಿ ವೇಗ ಸರಿಯಾಗಿ 1 ಮೆಗಾಬಿಟ್. ಒಪ್ಪಂದವನ್ನು ಅದು ಮೀರಿಲ್ಲ. ಆದರೆ ರವಾನೆಗೆ ಹಿಡಿಯುವ 20 ಮಿಲಿಸೆಕೆಂಡಿನಲ್ಲಿ ಬಕೆಟ್ಟಿನ 10,000 ಮತ್ತು ಹೊಸದಾಗಿ ಬಿದ್ದ 2,500 ಟೋಕನ್‌ಗಳಿಂದ 12 ಪ್ಯಾಕೆಟ್ಟುಗಳಿಗೆ ಮಾತ್ರ ಒಳ್ಳೆಯ ಗುರುತು ಸಿಗುತ್ತದೆ. ಉಳಿದ 13 ಒಪ್ಪಂದದ ಹೊರಗೆ. ಆಮೇಲಿನ 180 ಮಿಲಿಸೆಕೆಂಡು ಮೌನದಲ್ಲಿ ಬಕೆಟ್ಟು ತುಂಬಿ ಸುಮಾರು 13,000 ಬೈಟುಗಳಷ್ಟು ಟೋಕನ್ ವ್ಯರ್ಥವಾಗಿ ಚೆಲ್ಲುತ್ತದೆ. ಹಣ ತೆತ್ತ ಹಕ್ಕಿನ ಅರ್ಧದಷ್ಟು ನೆಲದ ಪಾಲು. ಇದು ಆದರ್ಶೀಕರಿಸಿದ ಉದಾಹರಣೆ. ಆದರೂ ತೊಡಕಿನ ತಿರುಳು ಇದೇ. ಬಕೆಟ್ಟನ್ನು ದೊಡ್ಡದು ಮಾಡಬಹುದಲ್ಲವೇ ಎಂದರೆ, ಆಗ ಅಷ್ಟೇ ದೊಡ್ಡ ಪ್ರವಾಹ ಒಳ್ಳೆಯ ಗುರುತಿನೊಂದಿಗೆ ಒಡಲಿಗೆ ನುಗ್ಗುತ್ತದೆ.

ನಾರ್ಟೆಲ್‌ನ ನಬಿಲ್ ಸೆದ್ದಿಗ್, ಬಿಸ್ವಜಿತ್ ನಂದಿ ಮತ್ತು ಪೀಟರ್ ಪಿಯೆಡಾ 1999ರಲ್ಲಿಯೇ ಹೋಗಿಬರುವ ಅವಧಿ, ಒಂದು ಲೆಕ್ಕದೊಳಗಿನ ಹರಿವುಗಳ ಸಂಖ್ಯೆ, ಪ್ಯಾಕೆಟ್ಟಿನ ಅಳತೆ, ದಟ್ಟಣೆಗೆ ಸ್ಪಂದಿಸದ ಯುಡಿಪಿ ಹರಿವುಗಳು, ಇವೆಲ್ಲ ಟಿಸಿಪಿಗೆ ದಕ್ಕುವ ಪಾಲನ್ನು ಬದಲಿಸುತ್ತವೆಂದು ತೋರಿಸಿದ್ದರು. 2000ದಲ್ಲಿ ಸಂಬಿತ್ ಸಾಹು, ಫಿಲಿಪ್ ನೈನ್, ಡಾನ್ ಟೌಸ್ಲಿ, ಕ್ರಿಸ್ತೋಫ್ ಡಿಯೋ ಮತ್ತು ವಿಕ್ಟರ್ ಫಿರೋಯು ಗಣಿತದ ಮಾದರಿಯೊಂದನ್ನು ಕಟ್ಟಿ ಮೂರು ತೀರ್ಮಾನಗಳಿಗೆ ಬಂದರು. ದೊರೆತ ವೇಗ ಒಪ್ಪಿದ ವೇಗಕ್ಕೆ ಅನುಪಾತದಲ್ಲಿ ಇರುವುದಿಲ್ಲ; ಒಪ್ಪಿದ ವೇಗವನ್ನು ಮುಟ್ಟುವುದು ಯಾವಾಗಲೂ ಸಾಧ್ಯವಿಲ್ಲ; ಕೆಲವು ವ್ಯಾಪ್ತಿಗಳಲ್ಲಿ ಬಕೆಟ್ಟಿನ ಅಳತೆಗಳನ್ನು ಹೇಗೆ ಬದಲಿಸಿದರೂ ಪರಿಣಾಮವೇ ಇಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಸಿಮ್ಯುಲೇಷನ್ ಮಾತ್ರ ಇದ್ದಿದ್ದರೆ ಈ ಫಲಿತಾಂಶವನ್ನು ಅಳತೆಗಳ ಆಯ್ಕೆಯ ದೋಷವೆಂದು ತಳ್ಳಿಹಾಕಬಹುದಿತ್ತು. ಗಣಿತದ ಬೆಂಬಲ ಅದಕ್ಕೆ ಅವಕಾಶ ಕೊಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಮತ್ತು ಜಾಯ್ ಕುರಿ ಅವರು ಡಿ. ಮಂಜುನಾಥ್ ಅವರೊಡನೆ 2004ರಲ್ಲಿ ಹೊರತಂದ ಸಂವಹನ ಜಾಲಗಳ ಪಠ್ಯಗ್ರಂಥವೂ ಸೋರುವ ಬಕೆಟ್ಟನ್ನು ಇದೇ ಬಗೆಯ ವಿಶ್ಲೇಷಣೆಗೆ ಒಳಪಡಿಸಿದೆ.

ಆದರೆ ಭರವಸೆಗೆ ದೊಡ್ಡ ಪೆಟ್ಟು ಬಿದ್ದದ್ದು ಸಿಮ್ಯುಲೇಟರಿನ ಹೊರಗೆ. ಅಮೆರಿಕದ ವಿಶ್ವವಿದ್ಯಾಲಯಗಳ ಇಂಟರ್‌ನೆಟ್2 ಒಕ್ಕೂಟ ಕ್ಯೂಬೋನ್ ಎಂಬ ಯೋಜನೆಯಲ್ಲಿ ವಿಶೇಷ ದರ್ಜೆಯ ಸೇವೆಯನ್ನು ನಿಜವಾದ ಜಾಲದಲ್ಲಿ ನೆಲೆಗೊಳಿಸಲು ಯತ್ನಿಸಿತು. ಬೆನ್ ಟೀಟೆಲ್‌ಬಾಮ್ ಮತ್ತು ಸ್ಟಾನಿಸ್ಲಾವ್ ಶಾಲುನೋವ್ 2002ರ ಮೇ ತಿಂಗಳಲ್ಲಿ ಅದು ಏಕೆ ನೆಲೆಗೊಳ್ಳಲಿಲ್ಲ, ಮುಂದೆಯೂ ಏಕೆ ನೆಲೆಗೊಳ್ಳಲಾರದು ಎಂದು ಬರೆದರು. ವಿಶೇಷ ಗುರುತನ್ನು ಕದ್ದು ಬಳಸದಂತೆ ಜಾಲದ ಪ್ರತಿಯೊಂದು ಪ್ರವೇಶದಲ್ಲೂ ನಿಯಮನ ಘಟಕ ಇರಬೇಕು. ಒಂದು ಬಾಗಿಲು ತೆರೆದಿದ್ದರೂ ಭರವಸೆ ಮುರಿಯಿತು. ಅದಕ್ಕೆ ರೂಟರುಗಳನ್ನು ಬದಲಿಸಬೇಕು, ಸಿಬ್ಬಂದಿಯನ್ನು ತರಬೇತುಗೊಳಿಸಬೇಕು, ಸಂಸ್ಥೆ ಸಂಸ್ಥೆಗಳ ನಡುವೆ ಒಪ್ಪಂದಗಳಾಗಬೇಕು. ಇಷ್ಟೆಲ್ಲ ಮಾಡಿದ ಮೇಲೂ ಜಾಲದಲ್ಲಿ ಬೇಕಾದಷ್ಟು ಸಾಮರ್ಥ್ಯ ಇರುವಾಗ ಬಳಕೆದಾರನಿಗೆ ವ್ಯತ್ಯಾಸ ಕಾಣುವುದಿಲ್ಲ. ಎನ್‌ಎಸ್-2ರಲ್ಲಿ ಹೊಸ ಪ್ರವೇಶಕ್ಕೆ ಕಾವಲು ಹಾಕಲು ಟಿಸಿಎಲ್ ಭಾಷೆಯ ಕೆಲವೇ ಸಾಲುಗಳು ಸಾಕಾಗಿದ್ದವು. ವೆಚ್ಚ ಎಂಬ ಚರಾಂಶ ಆ ಮಾದರಿಗಳಲ್ಲಿ ಎಲ್ಲಿಯೂ ಇರಲಿಲ್ಲ. ಫ್ಲಾಯ್ಡ್ ಮತ್ತು ವರ್ನ್ ಪ್ಯಾಕ್ಸನ್ 2001ರಲ್ಲಿ ಇಂಟರ್‌ನೆಟ್ಟನ್ನು ಸಿಮ್ಯುಲೇಟ್ ಮಾಡುವುದರ ಕಷ್ಟಗಳನ್ನು ಕುರಿತು ಬರೆದಾಗ ಜಾಲದ ವೈವಿಧ್ಯವನ್ನೂ ಎಡೆಬಿಡದ ಬದಲಾವಣೆಯನ್ನೂ ಮುಖ್ಯವಾಗಿ ಎತ್ತಿದ್ದರು; ಸಂಸ್ಥೆಗಳ ನಡುವಣ ವ್ಯವಹಾರವನ್ನು ಮಾದರಿಗೆ ತರುವ ಪ್ರಶ್ನೆ ಅದಕ್ಕಿಂತಲೂ ಬಿಕ್ಕಟ್ಟಿನದು.

ಡಿಫ್‌ಸರ್ವ್ ಸಂಪೂರ್ಣವಾಗಿ ಸೋತಿತೆಂದು ಇದರಿಂದ ಹೇಳಲಾಗದು. ಒಂದೇ ಆಡಳಿತದ ಒಳಗಿನ ಜಾಲಗಳಲ್ಲಿ, ಧ್ವನಿ ಕರೆಗಳ ಆದ್ಯತೆಗಾಗಿ, ಅದು ಬಳಕೆಯಲ್ಲಿ ಉಳಿಯಿತು. ಉಳಿಯದೆ ಹೋದದ್ದು ಇಡೀ ಇಂಟರ್‌ನೆಟ್ಟಿನ ಉದ್ದಕ್ಕೂ ಖಾತರಿ ಎಂಬ ಮಾತು.

ಅಂಚಿನಿಂದ ಸಾಲಿಗೆ

ನಾರ್ಟೆಲ್ ಕಂಪನಿ 2009ರ ಜನವರಿಯಲ್ಲಿ ದಿವಾಳಿತನದ ರಕ್ಷಣೆ ಕೋರಿತು; ಅದರ ಘಟಕವನ್ನು ಹೊತ್ತಿದ್ದ ಎನ್‌ಎಸ್-2ರ ಬಿಡುಗಡೆಗಳು 2011ರ 2.35ರೊಂದಿಗೆ ನಿಂತವು. 2006ರಲ್ಲಿ ಆರಂಭವಾಗಿ 2008ರಲ್ಲಿ ಮೊದಲ ಬಿಡುಗಡೆ ಕಂಡ ಎನ್‌ಎಸ್-3ರಲ್ಲಿ ಸಂಚಾರ ನಿಯಂತ್ರಣಕ್ಕೆಂದೇ ಒಂದು ಪದರ ಬಂದದ್ದು 2016ರಲ್ಲಿ. ಅದರ ರಚನೆಗೆ ಮೇಲ್ಪಂಕ್ತಿಯಾದದ್ದು ಲಿನಕ್ಸ್ ಕರ್ನಲ್ಲಿನ ಸಾಲು ನಿರ್ವಹಣಾ ವ್ಯವಸ್ಥೆ. ಮಾನಕದ ಚಿತ್ರವನ್ನು ನೋಡಿ ಮಾದರಿ ಕಟ್ಟುತ್ತಿದ್ದ ಕಾಲ ಹೋಗಿ, ಓಡುತ್ತಿರುವ ತಂತ್ರಾಂಶವನ್ನು ನೋಡಿ ಮಾದರಿ ಕಟ್ಟುವ ಕಾಲ ಬಂದಿತ್ತು.

ಸಂಶೋಧಕರ ಪ್ರಶ್ನೆಯೂ ಅಷ್ಟರಲ್ಲಿ ಬದಲಾಗಿತ್ತು. ರೂಟರುಗಳಲ್ಲಿ ನೆನಪಿನ ಕೋಶ ಅಗ್ಗವಾಗಿ ಸಾಲುಗಳು ಅತಿ ಉದ್ದವಾದವು. ಪ್ಯಾಕೆಟ್ಟು ಕಳೆದುಹೋಗುವುದಕ್ಕಿಂತ ತಡವಾಗುವುದು ದೊಡ್ಡ ಪಿಡುಗಾಯಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ ಪ್ರಕಟಿಸಿದ ಕೋಡೆಲ್, ಅನಂತರ ಬಂದು 2017ರಲ್ಲಿ ಆರ್‌ಎಫ್‌ಸಿ 8033 ಆದ ಪೈ, ಇವು ಯಾರ ಒಪ್ಪಂದವನ್ನೂ ಕೇಳುವುದಿಲ್ಲ. ಸಾಲಿನಲ್ಲಿ ಕಾಯುವ ಕಾಲವನ್ನು ಮಾತ್ರ ನೋಡುತ್ತವೆ. ಈ ಘಟ್ಟದಲ್ಲಿ ಕರ್ನಾಟಕದ ಕೊಡುಗೆ ನೇರವಾದದ್ದು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ಪೈ ವಿಧಾನದ ಮಾದರಿಯನ್ನು ಎನ್‌ಎಸ್-3ಕ್ಕೆ ಕೊಟ್ಟರು. 2016ರ ಬಿಡುಗಡೆಯಲ್ಲಿ ಅದು ಸೇರಿತು. ಹರಿವುಗಳನ್ನು ಬೇರ್ಪಡಿಸಿ ಪೈಯನ್ನು ಅನ್ವಯಿಸುವ ಎಫ್‌ಕ್ಯೂ-ಪೈ ವಿಧಾನದ ಸಂಕೇತವೂ ಇದೇ ಗುಂಪಿನ ಶ್ರಮದಿಂದ ಲಿನಕ್ಸ್ ಕರ್ನಲ್ಲಿಗೆ ಸೇರಿ, 2020ರ 5.6ನೆಯ ಆವೃತ್ತಿಯಲ್ಲಿ ಹೊರಬಂತು. ಸಿಮ್ಯುಲೇಟರಿನ ಮಾದರಿ ಬರೆದ ಕೈಗಳೇ ಓಡುವ ಯಂತ್ರದ ಸಂಕೇತವನ್ನೂ ಬರೆದದ್ದು, ಕ್ಯೂಬೋನಿನ ಕಾಲದಲ್ಲಿ ಕಾಣದಿದ್ದ ಬೆಸುಗೆ.

ಟೋಕನ್ ಬಕೆಟ್ಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾರ್ಖಾನೆಗಳ ಮತ್ತು ವಾಹನಗಳ ಒಳಗಿನ ಕಾಲಬದ್ಧ ಈಥರ್‌ನೆಟ್ ಜಾಲಗಳಿಗಾಗಿ 2017ರಲ್ಲಿ ಪ್ರಕಟವಾದ ಐಇಇಇ 802.1 ಕ್ಯೂಸಿಐ ಮಾನಕ ಪ್ರತಿ ಹರಿವನ್ನೂ ಪ್ರವೇಶದಲ್ಲಿಯೇ ಅಳೆದು ಸೋಸುವ ವಿಧಿಯನ್ನು ಮತ್ತೆ ತಂದಿತು. ಇನೆಟ್‌ನಲ್ಲಿ ಅದರ ಮಾದರಿಗಳೂ ಬಂದಿವೆ. ಅಂತಹ ಜಾಲದಲ್ಲಿ ಯಾವ ಯಂತ್ರ ಎಷ್ಟು ಕಳುಹಿಸುತ್ತದೆ, ಬಾಗಿಲುಗಳು ಎಷ್ಟು, ಒಡೆಯ ಯಾರು ಎಂಬುದೆಲ್ಲ ಕಟ್ಟುವ ಮೊದಲೇ ನಿಶ್ಚಿತ. 2000ದ ಮಾದರಿಗಳು ಇಂಟರ್‌ನೆಟ್ಟಿನ ಬಗ್ಗೆ ಏನನ್ನು ಊಹಿಸಿಕೊಂಡಿದ್ದವೋ ಅದು ಇಲ್ಲಿ ವಸ್ತುಸ್ಥಿತಿಯಾಗಿದೆ.